ಯುದ್ಧವಿಮಾನದಲ್ಲಿ ನಾನು ಕಳೆದ ಅರ್ಧ ಗಂಟೆ

ಒಂದು ಸಂಸಾರವನ್ನು ಬೆಳಿಗ್ಗೆ ಮನೆಯಿಂದ ಹೊರಡಿಸಿ, ಯುದ್ಧವಿಮಾನಗಳ ಮ್ಯೂಸಿಯಂ ತೋರಿಸಿ, ಊಟ ಮಾಡಿಸಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ತಲೆ ಎಣಿಸಿ ವಾಪಸ್ಸು ತರುವುದು ಏನು ಮಹಾ ಕೆಲಸ? ನನ್ನನ್ನು ಕೇಳಿದ್ದರೆ ಏನೂ ಅಲ್ಲ ಎಂದೇ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ. ಆದರೂ ಹೇಳಿದೆ!

ನಾನು ದೇವನಹಳ್ಳಿ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಮಕ್ಕಳ ಭಾಷೆಯಲ್ಲಿ ಪೀಟಿ ಮೇಷ್ಟ್ರು. ಕೊರಳಲ್ಲಿ ಸದಾ ಒಂದು ವಿಷಲ್ ನೇತಾಡುತ್ತಿರುತ್ತದೆ. ಅದನ್ನು ಒಮ್ಮೆ ಊದಿದರೆ ನಾನೂರು ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಇನ್ನೊಮ್ಮೆ ಊದಿದರೆ ಉಸಿರು ಬಿಡುತ್ತಾರೆ. ಅಂಥವನಿಗೆ ಮೂರು ಜನ ಒಂದು ಲೆಕ್ಕವೇ? ಹೆಂಡತಿ ರತ್ನ, ಆರನೇ ತರಗತಿ ಓದುವ ಮಗಳು ಇಂಚರ, ಮತ್ತು ನಾಲ್ಕು ದಿನ ಇದ್ದು ಹೋಗಲೆಂದು ನಲ್ಲೂರಿನಿಂದ ಬಂದಿದ್ದ ನಮ್ಮ ಅತ್ತೆ ತಿಮ್ಮಕ್ಕ. ಇಷ್ಟೇ ನನ್ನ ಸೈನ್ಯ.

ಊರಿನಲ್ಲಿ ನನಗೆ ಧೈರ್ಯಸ್ಥನೆಂದು ಹೆಸರಿದೆ. ಅದು ಬಂದದ್ದು ನನ್ನ ಮೀಸೆಯಿಂದ. ಒಳಗಿನ ಸಂಗತಿ ಬೇರೆ. ನನಗೆ ಎತ್ತರವೆಂದರೆ ಭಯ. ಹಗ್ಗ ಹತ್ತುವುದನ್ನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ, ನೆಲದ ಮೇಲೆ ನಿಂತುಕೊಂಡು. ನಮ್ಮ ಮನೆಯ ಹೆಂಚಿಗೆ ತಾಗೀತೇನೋ ಎಂಬಷ್ಟು ಕೆಳಗೆ ದಿನವಿಡೀ ವಿಮಾನಗಳು ಹಾದುಹೋಗುತ್ತವೆ. ನಮ್ಮ ಕೋಳಿಗಳು ಕೂಡ ಆ ಸದ್ದಿಗೆ ಒಗ್ಗಿಕೊಂಡಿವೆ. ನಾನು ಮಾತ್ರ ಪ್ರತಿ ಸಲವೂ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತಲೆ ತಗ್ಗಿಸುತ್ತೇನೆ.

ಇಂಚರ ಹಾಗಲ್ಲ. ಸದ್ದು ಕೇಳಿದರೆ ಅಂಗಳಕ್ಕೆ ಓಡುತ್ತಾಳೆ. ಅವಳಿಗೆ ಪೈಲಟ್ ಆಗಬೇಕಂತೆ. ಅದೂ ಸಾಧಾರಣ ಪೈಲಟ್ ಅಲ್ಲ, ಯುದ್ಧವಿಮಾನದ ಪೈಲಟ್. "ನಿನಗೆ ಯಾರ ಧೈರ್ಯ ಬಂದಿದೆಯೋ" ಎಂದು ಯಾರಾದರೂ ಕೇಳಿದರೆ "ನಮ್ಮಪ್ಪಂದು" ಎನ್ನುತ್ತಾಳೆ. ಆಗೆಲ್ಲ ನಾನು ಮೀಸೆ ತಿರುವಿಕೊಂಡು ಬೇರೆ ಕಡೆ ನೋಡುತ್ತೇನೆ.

ಬೆಂಗಳೂರಿನ ಆಚೆ ಬದಿಯಲ್ಲಿ ಹಳೆಯ ಯುದ್ಧವಿಮಾನಗಳನ್ನು ಇಟ್ಟಿರುವ ದೊಡ್ಡ ಮ್ಯೂಸಿಯಂ ಇದೆಯೆಂದು ಅವಳ ಟೀಚರ್ ಹೇಳಿದ್ದರು. ಅಲ್ಲಿಂದ ಶುರುವಾಯಿತು. ನನಗೂ ಅದು ಒಳ್ಳೆಯದೇ ಅನಿಸಿತು. ಯಾಕೆಂದರೆ ಅಲ್ಲಿನ ವಿಮಾನಗಳ ವಿಶೇಷವೇನೆಂದರೆ, ಅವು ಹಾರುವುದಿಲ್ಲ!

ಹೊಸ ನೋಟ್‌ಬುಕ್ ತೆಗೆದು ಕಾರ್ಯಕ್ರಮ ಪಟ್ಟಿ ಬರೆದೆ. ಕ್ರೀಡಾಕೂಟಕ್ಕೆ ಬರೆಯುವ ಹಾಗೆಯೇ ಕೆಂಪು ಗೆರೆ ಎಳೆದು, ಸಮಯ ಹಾಕಿ, ಕೆಳಗೆ ರುಜು ಮಾಡಿದೆ. ರತ್ನ ಅದನ್ನು ಓದುತ್ತ ಅಡುಗೆಮನೆ ಬಾಗಿಲಲ್ಲಿ ನಿಂತಳು.

"ರೀ, ಇದೇನ್ರೀ ಇದು? ಏಳು ಹತ್ತು: ಮೂತ್ರ ವಿಸರ್ಜನೆ ಅಂತ ಬರ್ದಿದ್ದೀರ?"

"ಬೂದಿಗೆರೆ ದಾಟಿದ ಮೇಲೆ ಒಂದು ಪೆಟ್ರೋಲ್ ಬಂಕ್ ಇದೆ. ಅಲ್ಲಿ ಐದು ನಿಮಿಷ ಇಟ್ಟಿದ್ದೀನಿ."

"ಅವ್ವಂಗೆ ಏಳು ಹತ್ತಕ್ಕೆ ಬರ್ದೇ ಇದ್ರೆ?"

"ಬರ್ಬೇಕು. ಶಿಸ್ತು!"

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: "ಆಗ್ಲಿ ಬುಡಿ ಅಳಿಯಂದ್ರೇ, ಪ್ರಯತ್ನ ಮಾಡ್ತೀನಿ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ತಜ್ಞರ ಅಭಿಪ್ರಾಯ ಪಡೆಯದೆ ಯಾವ ದೊಡ್ಡ ಕಾರ್ಯವನ್ನೂ ಕೈಗೊಳ್ಳಬಾರದೆಂಬುದು ನನ್ನ ತತ್ವ. ನಮ್ಮ ಪಕ್ಕದ ಮನೆಯಲ್ಲಿ ಸೋಮಣ್ಣ ಎಂಬ ತಜ್ಞರಿದ್ದಾರೆ. ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಕಾಂಪೌಂಡಿನ ಗೋಡೆಯ ಮೇಲೆ ಮೊಣಕೈ ಊರಿ ನನ್ನ ಪಟ್ಟಿಯನ್ನೆಲ್ಲ ಕೇಳಿಸಿಕೊಂಡು, ತಲೆ ಅಲ್ಲಾಡಿಸಿದರು.

"ಮೇಷ್ಟ್ರೇ, ಯುದ್ಧವಿಮಾನ ಅಂದ್ರೆ ಹುಡುಗಾಟ ಅಲ್ಲ. ಅಲ್ಲಿ ಯಾವ್ದಾದ್ರೂ ವಿಮಾನದೊಳಗೆ ಕೂರೋಕೆ ಬಿಟ್ರೆ, ಸೀಟಿನ ಹತ್ರ ಹಳದಿ ಕಪ್ಪು ಪಟ್ಟೆ ಇರೋ ಹಿಡಿ ಒಂದಿರುತ್ತೆ. ಅದನ್ನ ಮಾತ್ರ ಮುಟ್ಬೇಡಿ."

"ಯಾಕೆ?"

"ಸೀಟಿನ ಕೆಳಗೆ ರಾಕೆಟ್ ಇರುತ್ತೆ! ವಿಮಾನ ಬೀಳೋ ಹೊತ್ತಲ್ಲಿ ಪೈಲಟ್ ಅದನ್ನ ಎಳೆದ್ರೆ ಸೀಟು, ಮನುಷ್ಯ ಎರಡೂ ಢಂ ಅಂತ ಆಕಾಶಕ್ಕೆ. ಒಬ್ಬ ಹಿಂಗೇ, ಶೆಡ್ಡಲ್ಲಿ ನಿಂತಿದ್ದ ವಿಮಾನದಲ್ಲಿ ಕೂತ್ಕಂಡು ಎಳೆದ. ಹೋಗಿ ಶೆಡ್ಡಿನ ಸೂರಿಗೆ ಅಂಟ್ಕಂಡ."

"ಬದುಕಿದ್ನಾ?"

"ಅರ್ಧ."

ಅರ್ಧ ಎಂದರೆ ಯಾವ ಅರ್ಧ ಎಂದು ಕೇಳುವ ಧೈರ್ಯವಾಗಲಿಲ್ಲ.

"ಇನ್ನೊಂದ್ ವಿಷ್ಯ," ಎಂದು ಸೋಮಣ್ಣ ದನಿ ತಗ್ಗಿಸಿದರು. "ಕೆಲವು ಹಳೇ ವಿಮಾನದಲ್ಲಿ ಎಳೆದ ತಕ್ಷಣ ಹೋಗಲ್ಲ. ಹಿಡ್ಕೊಂಡಿರೋ ತನಕ ಸುಮ್ನಿರುತ್ತೆ. ಕೈ ಬಿಟ್ರೋ, ಹೋದ್ರಿ!"

ಸೋಮಣ್ಣ ಮಿಲಿಟರಿಯಲ್ಲಿ ಸಮವಸ್ತ್ರ ಹೊಲಿಯುವ ವಿಭಾಗದಲ್ಲಿದ್ದರು, ವಿಮಾನವನ್ನು ನಮ್ಮಂತೆಯೇ ನೆಲದಿಂದ ನೋಡಿದವರು ಎಂಬ ಸತ್ಯ ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಭಾನುವಾರ ಬಂತು. ಬೆಳಿಗ್ಗೆ ಆರು ಗಂಟೆಗೆ ಸರಿಯಾಗಿ ಕಾರಿನ ಪಕ್ಕ ನಿಂತು ವಿಷಲ್ ಊದಿದೆ. ಬೀದಿಯ ನಾಯಿಗಳು ಬಂದವು. ಮನೆಯವರು ಏಳೂ ಮುಕ್ಕಾಲಿಗೆ ಬಂದರು. ಚಿತ್ರಾನ್ನ, ಮೊಸರನ್ನ, ವಡೆ, ಕೋಡುಬಳೆ, ಎರಡು ಕೊಡದಷ್ಟು ನೀರು. ಮೂತ್ರ ವಿಸರ್ಜನೆಯ ಸಮಯ ಮನೆಯಲ್ಲೇ ಮೀರಿಹೋಗಿತ್ತು.

ದಾರಿ ತೋರಿಸುವ ಕೆಲಸವನ್ನು ಫೋನಿಗೆ ವಹಿಸಿದ್ದೆ. ಹಿಂದಿನ ದಿನವೇ ಅದರಲ್ಲಿ ನಾನೇ ಖುದ್ದಾಗಿ ಜಾಗ ಗುರುತು ಮಾಡಿಟ್ಟಿದ್ದೆ. ಫೋನು ನಮ್ಮನ್ನು ಬೂದಿಗೆರೆ ದಾಟಿಸಿ, ಹಳೇ ಮದ್ರಾಸ್ ರಸ್ತೆಗೆ ಇಳಿಸಿ, ಅಲ್ಲಿಂದ ಎಲ್ಲೆಲ್ಲೋ ತಿರುಗಿಸಿ, ಎರಡೂ ಕಡೆ ಎತ್ತರದ ಗೋಡೆ, ಗೋಡೆಯ ಮೇಲೆ ಮುಳ್ಳುತಂತಿ ಇರುವ ಒಂದು ನಿರ್ಜನ ರಸ್ತೆಗೆ ತಂದಿತು. ಕೊನೆಯಲ್ಲಿ ಒಂದು ಕಬ್ಬಿಣದ ಗೇಟು. "ನಿಮ್ಮ ಗಮ್ಯಸ್ಥಾನ ತಲುಪಿದ್ದೀರಿ" ಎಂದಿತು ಫೋನು.

ಗೇಟಿನ ಮುಂದೆ ಬಂದೂಕು ಹಿಡಿದ ಒಬ್ಬ ಸೈನಿಕ ನಿಂತಿದ್ದ.

"ಟಿಕೆಟ್ ಕೊಡೋರು ಇವ್ರೇನಾ?" ಎಂದರು ಅತ್ತೆ.

ಕಾರು ನಿಲ್ಲಿಸಿದೆ. ನಾನು ಗುರುತು ಮಾಡಿದ್ದು ಮ್ಯೂಸಿಯಂ ಅಲ್ಲ, ನಿಜವಾದ ಸೈನ್ಯದ ಜಾಗ! ಗೂಢಚಾರರೆಂದು ಹಿಡಿದರೆ? ನೋಟ್‌ಬುಕ್ಕಿನಲ್ಲಿ ನಿಮಿಷ ನಿಮಿಷದ ಕಾರ್ಯಕ್ರಮ, ಕೆಂಪು ಶಾಯಿಯಲ್ಲಿ, ರುಜು ಸಮೇತ! ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಇಳಿದು ಹೋದೆ. ಸೈನಿಕ ಹಿಂದಿಯಲ್ಲಿ ಏನೋ ಕೇಳಿದ. ನನಗೆ ಬರುವ ಹಿಂದಿಯೆಲ್ಲ ಕವಾಯತಿನ ಹಿಂದಿ. ಆದರೂ ಬಿಡದೆ, ಮ್ಯೂಸಿಯಂ ಈ ಕಡೆಯೇ ಎಂಬ ಅರ್ಥ ಬರುವಂತೆ ಬಲಗಡೆ ಕೈ ತೋರಿಸಿ ಕೇಳಿದೆ:

"ಮ್ಯೂಸಿಯಂ... ದಾಹಿನೇ ಮುಡ್?"

ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ನಹೀ," ಎಂದ. "ಪೀಛೇ ಮುಡ್."

ಇಪ್ಪತ್ತು ವರ್ಷದ ಅಭ್ಯಾಸ. ಅಲ್ಲೇ, ರಸ್ತೆಯ ನಡುವೆ, ಹಿಮ್ಮಡಿ ತಿರುಗಿಸಿ, ಕಾಲು ಟಪ್ಪೆಂದು ಕುಟ್ಟಿ, ಹಿಂದಕ್ಕೆ ತಿರುಗಿಬಿಟ್ಟೆ! ಹಾಗೇ ಕವಾಯತಿನ ನಡಿಗೆಯಲ್ಲಿ ಕಾರಿನವರೆಗೂ ಬಂದೆ. ನಿಲ್ಲು ಎಂದು ಅವನು ಹೇಳಲಿಲ್ಲವಲ್ಲ!

"ಅಪ್ಪಾ, ಆ ಸೋಲ್ಜರ್ ನಗ್ತಿದ್ದಾನೆ," ಎಂದಳು ಇಂಚರ.

"ಅದು ಸೈನ್ಯದ ಗೌರವ ಕಣಮ್ಮ," ಎಂದು ಕಾರು ಹಿಂದಕ್ಕೆ ತೆಗೆದೆ.

ನಿಜವಾದ ಮ್ಯೂಸಿಯಂ ಸೇರಿದಾಗ ಹನ್ನೊಂದು ಗಂಟೆ. ಎಷ್ಟು ದೊಡ್ಡ ಜಾಗ! ಹುಲ್ಲುಹಾಸಿನ ಮೇಲೆ ಸಾಲುಸಾಲಾಗಿ ವಿಮಾನಗಳು, ಹೆಲಿಕಾಪ್ಟರುಗಳು, ಒಂದೊಂದಕ್ಕೂ ಸುತ್ತ ಕಂಬಿ, ಮುಂದೆ ಫಲಕ. ಹಾರದ ವಿಮಾನಗಳ ನಡುವೆ ನನ್ನ ಧೈರ್ಯ ಮರಳಿ ಬಂತು. ಮಗಳಿಗೆ ವಿವರಿಸತೊಡಗಿದೆ.

"ಇದರ ರೆಕ್ಕೆ ಯಾಕೆ ಹಿಂದಕ್ಕೆ ಬಾಗಿದೆ ಗೊತ್ತಾ? ಗಾಳಿಗೆ ಬಾಗಿ ಬಾಗಿ ಹಾಗಾಗಿದೆ."

"ಅಲ್ಲ ಅಪ್ಪ, ಜೋರಾಗಿ ಹೋಗೋಕೆ ಹಾಗೇ ಮಾಡಿರ್ತಾರೆ. ಬೋರ್ಡಲ್ಲಿ ಬರ್ದಿದೆ."

"ಅದೂ ಒಂದು ಕಾರಣ," ಎಂದೆ.

ಅತ್ತೆ ಒಂದು ಹೆಲಿಕಾಪ್ಟರನ್ನು ಸುತ್ತುಹಾಕಿ ಬಂದು, ಇದನ್ನು ಕೊಟ್ಟಿಗೆಯಲ್ಲಿ ಕಟ್ಟಿದರೆ ಎಷ್ಟು ಜಾಗ ಹಿಡಿಯಬಹುದೆಂದು ಅಂದಾಜು ಮಾಡುತ್ತಿದ್ದರು. ರತ್ನ ಎಲ್ಲದರ ಮುಂದೆಯೂ ಫೋಟೋ ತೆಗೆಯುತ್ತಿದ್ದಳು. ಎಲ್ಲವೂ ಚೆನ್ನಾಗಿತ್ತು. ಆ ಬೋರ್ಡು ಕಾಣುವವರೆಗೆ.

"ವಿಮಾನದೊಳಗೆ ಕುಳಿತು ಫೋಟೋ ತೆಗೆಸಿಕೊಳ್ಳಿ" ಎಂದು ಬರೆದಿತ್ತು. ಹಳೆಯದೊಂದು ಯುದ್ಧವಿಮಾನ, ಅದಕ್ಕೆ ಆನಿಸಿದ ಕಬ್ಬಿಣದ ಮೆಟ್ಟಿಲು, ಮೆಟ್ಟಿಲ ಕೆಳಗೆ ಇಪ್ಪತ್ತು ಮೂವತ್ತು ಜನರ ಸಾಲು. ಇಂಚರ ನನ್ನ ಕೈ ಹಿಡಿದು ಎಳೆದಳು. ಸಾಲಿನಲ್ಲಿ ನಿಂತೆವು. ನಮ್ಮ ಸರದಿ ಬಂದಾಗ ಅವಳು ಬದಿಗೆ ಸರಿದು, "ಅಪ್ಪಾ, ಮೊದ್ಲು ನೀನು. ನಿನ್ನ ಫೋಟೋ ನಾನು ಕ್ಲಾಸಲ್ಲಿ ತೋರಿಸ್ಬೇಕು," ಎಂದಳು.

ಎಂಟು ಮೆಟ್ಟಿಲು. ಮೂರನೆಯದರಲ್ಲಿ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದೆ. ಐದನೆಯದರಲ್ಲಿ ಮನೆದೇವರನ್ನು ನೆನೆದೆ. ಎಂಟನೆಯದರಲ್ಲಿ ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣಿನಲ್ಲೇ ಒಂದು ಕಾಲು ಒಳಗಿಟ್ಟು ಕುಳಿತುಕೊಳ್ಳಹೋದರೆ, ನನ್ನ ಹೊಟ್ಟೆ ಒಪ್ಪಲಿಲ್ಲ. ಆ ಸೀಟನ್ನು ತೆಳ್ಳಗಿನ ಪೈಲಟ್‌ಗಳಿಗೆ ಮಾಡಿದ್ದು. ಆಧಾರಕ್ಕೆಂದು ಕೈಗೆ ಸಿಕ್ಕಿದ್ದೇನನ್ನೋ ಹಿಡಿದು, ಉಸಿರು ಬಿಗಿಹಿಡಿದು, ಮೈಯನ್ನು ಕೆಳಕ್ಕೆ ತುರುಕಿದೆ. ಕುಳಿತೆ! ಅದೇ ಹೊತ್ತಿಗೆ ಕೈಯಲ್ಲಿದ್ದದ್ದು ನಾಲ್ಕು ಬೆರಳಿನಷ್ಟು ಮೇಲೆ ಬಂತು.

ಟಕ್.

ಕಣ್ಣು ಬಿಟ್ಟು ನೋಡಿದೆ. ನನ್ನ ಎರಡು ಮೊಣಕಾಲುಗಳ ನಡುವೆ, ನನ್ನ ಎರಡು ಮುಷ್ಟಿಗಳಲ್ಲಿ, ಹಳದಿ ಕಪ್ಪು ಪಟ್ಟೆಯ ಹಿಡಿ.

ಆ ಕ್ಷಣದ ಭಯವನ್ನು ನಾನು ನಗುತ್ತ ಹೇಳಲಾರೆ. ಕಿವಿಯಲ್ಲಿ ಗುಂಯ್ ಎಂಬ ಸದ್ದು. ಬೆನ್ನಿನ ಮೇಲೆ ಬೆವರು ಇರುವೆ ಸಾಲಿನಂತೆ ಇಳಿಯಿತು. ಸೀಟಿನ ಕೆಳಗೆ ಏನೋ ಬಿಸಿಯಾಗುತ್ತಿದೆ ಎನಿಸಿತು. ಮೇಲೆ ನೋಡಿದೆ. ಸೂರು ಕೂಡ ಇಲ್ಲ, ಬರೀ ಆಕಾಶ! ಅಂಟಿಕೊಳ್ಳುವುದಕ್ಕೂ ಏನೂ ಇಲ್ಲ. ಕೈ ಬಿಟ್ರೋ, ಹೋದ್ರಿ!

"ಸ್ಮೈಲ್ ಮಾಡಿ ರೀ," ಎಂದಳು ಕೆಳಗಿನಿಂದ ರತ್ನ.

"ರತ್ನಾ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಎಲ್ಲರನ್ನೂ ದೂರ ಕರ್ಕೊಂಡು ಹೋಗು. ನಾನು ಹಿಡಿ ಎಳೆದುಬಿಟ್ಟಿದ್ದೀನಿ."

"ಯಾವ ಹಿಡಿ?"

"ರಾಕೆಟ್ ಹಿಡಿ! ಕೈ ಬಿಟ್ರೆ ಹಾರ್ತೀನಿ!"

ಹಿಂದೆ ಸಾಲಿನಲ್ಲಿದ್ದ ಯುವಕನೊಬ್ಬ ರೇಗಿದ: "ಅಣ್ಣಾ, ಬೇಗ ಇಳಿ ಅಣ್ಣ, ಬಿಸ್ಲು." ಈ ಮುಗ್ಧ ಜನರ ಪ್ರಾಣ ಈಗ ನನ್ನ ಕೈಯಲ್ಲಿದೆ ಎಂಬ ಜವಾಬ್ದಾರಿ ನನ್ನನ್ನು ಆವರಿಸಿತು. ಕೈಗಳೆರಡಕ್ಕೂ ಬಿಡುವಿಲ್ಲ. ಇಂಚರಳನ್ನು ಮೆಟ್ಟಿಲ ಮೇಲೆ ಕರೆದು, ವಿಷಲನ್ನು ನನ್ನ ಬಾಯಿಗೆ ಇಡಲು ಹೇಳಿದೆ. ಇಟ್ಟಳು. ಶಾಲೆಯ ಮೈದಾನದಲ್ಲಿ ಎಂದೂ ಊದದಷ್ಟು ಜೋರಾಗಿ ಊದಿ ಕೂಗಿದೆ:

"ಎಲ್ಲರೂ ನೂರು ಹೆಜ್ಜೆ ಹಿಂದಕ್ಕೆ! ಓಡಬೇಡಿ!"

ಓಡಬೇಡಿ ಎಂದರೆ ಓಡಬೇಕೆಂದೇ ನಮ್ಮ ಜನರ ತಿಳಿವಳಿಕೆ. ಓಡಿದರು! ಯಾರೋ "ಬಾಂಬಂತೆ" ಎಂದರು. ಒಬ್ಬಾಕೆ ಮಗುವನ್ನು ಎತ್ತಿಕೊಂಡು ಓಡಿ, ಅದು ತನ್ನದಲ್ಲವೆಂದು ಗೊತ್ತಾಗಿ ಮತ್ತೆ ಬಂದು ಇಟ್ಟು, ತನ್ನದನ್ನು ಎತ್ತಿಕೊಂಡು ಹೋದಳು. ಎರಡೇ ನಿಮಿಷದಲ್ಲಿ ಆ ಬಯಲಿನಲ್ಲಿ ಉಳಿದವರು ನಾವು ನಾಲ್ಕೇ ಜನ. ಆ ವಿಮಾನದ ಉಸ್ತುವಾರಿಯವರು ಊಟಕ್ಕೆ ಹೋಗಿದ್ದರಂತೆ. ಟಿಕೆಟ್ ಕೌಂಟರಿನವರು ಫೋನ್ ಮಾಡುತ್ತಿದ್ದಾರೆಂದು ದೂರದಿಂದ ಯಾರೋ ಕೂಗಿ ಹೇಳಿದರು.

ನಿಮಿಷಗಳು ಕಳೆದವು. ಬೆರಳುಗಳು ಜೋಮು ಹಿಡಿದವು. ಇನ್ನು ಹೆಚ್ಚು ಹೊತ್ತು ತಡೆಯಲಾರೆ ಎನಿಸಿತು. ಸಾಯುವ ಮುನ್ನ ಮನುಷ್ಯ ಮನಸ್ಸು ಹಗುರ ಮಾಡಿಕೊಳ್ಳಬೇಕು.

"ರತ್ನಾ, ಒಂದು ಮಾತು ಹೇಳ್ಬೇಕು."

"ಏನ್ರೀ?" ಅವಳು ಅಳುತ್ತಿದ್ದಳು.

"ನಿಮ್ಮಣ್ಣನ ಗೃಹಪ್ರವೇಶಕ್ಕೆ ಹೈದರಾಬಾದಿಗೆ ವಿಮಾನದ ಟಿಕೆಟ್ ಕಳ್ಸಿದ್ರಲ್ಲ..."

"ಹೂಂ. ನಿಮಗೆ ಸೊಂಟ ಹಿಡ್ಕೊಂಡು ನಾವು ಹೋಗ್ಲೇ ಇಲ್ಲ."

"ಸೊಂಟ ಹಿಡ್ಕೊಂಡಿರ್ಲಿಲ್ಲ."

ಅಳು ನಿಂತಿತು.

"ವಿಮಾನ ಹತ್ತೋಕೆ ಭಯ ಆಯ್ತು. ಅದಕ್ಕೆ ಮಲಗಿಬಿಟ್ಟೆ."

ರತ್ನ ಆಗ ಒಂದು ವಾರ ನನ್ನ ಸೊಂಟಕ್ಕೆ ಎಣ್ಣೆ ತಿಕ್ಕಿದ್ದಳು. ಇರುವ ಒಬ್ಬನೇ ಅಣ್ಣ, ಅವನ ಮನೆಯ ಬಾಗಿಲಿಗೆ ತೋರಣ ಕಟ್ಟುವುದನ್ನು ಅವಳು ಫೋನಿನ ಪರದೆಯಲ್ಲಿ ನೋಡಿ ಕಣ್ಣು ಒರೆಸಿಕೊಂಡಿದ್ದಳು. ನಾನು ಪಕ್ಕದಲ್ಲೇ ಮಲಗಿ ನರಳಿದ್ದೆ. ಈಗ ಅವಳು ನನ್ನನ್ನೇ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೊದ್ಲು ಇಳೀರಿ," ಎಂದಳು. "ಆಮೇಲೆ ನೋಡ್ಕೋತೀನಿ."

ಆ ದನಿ ಕೇಳಿ, ಹಿಡಿ ಬಿಟ್ಟೇಬಿಡೋಣವೇ ಎಂದು ಒಂದು ಕ್ಷಣ ಅನಿಸಿದ್ದು ಸುಳ್ಳಲ್ಲ.

ಅಷ್ಟರಲ್ಲಿ ಮೆಟ್ಟಿಲು ಕಿರುಗುಟ್ಟಿತು. ನೋಡಿದರೆ ಅತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಣಸೆ ಮರ ಹತ್ತುವವರ ಹಾಗೆ ಸರಸರನೆ ಹತ್ತಿ ಬಂದು, ನನ್ನ ಮುಖದ ಪಕ್ಕ ಮುಖ ಇಟ್ಟರು.

"ಅಳಿಯಂದ್ರೇ, ಹಿಡೀನ ನನ್ ಕೈಗ್ ಕೊಡಿ. ನೀವು ಇಳೀರಿ."

"ಏನ್ ಮಾತಾಡ್ತೀರಿ ಅತ್ತೆ?"

"ನಂದೇನೈತೆ? ಅರವತ್ತೆಂಟಾಯ್ತು. ನೀವು ಮಗಳ ಮದ್ವೆ ಮಾಡ್ಬೇಕು. ಕೊಡಿ ಇಲ್ಲಿ."

ಓದುಗರೇ, ಇಂಥ ಸಮಯದಲ್ಲಿ ಗಂಡಸಾದವನು ಏನು ಹೇಳಬೇಕೋ ಅದು ನನಗೆ ಗೊತ್ತಿತ್ತು. "ಖಂಡಿತ ಇಲ್ಲ ಅತ್ತೆ, ನನ್ನ ಪ್ರಾಣ ಹೋದರೂ ಸರಿ" ಎಂಬ ವಾಕ್ಯ ನನ್ನ ಬಾಯಿಯವರೆಗೂ ಬಂದಿತ್ತು. ಆದರೆ ಹೊರಗೆ ಬಂದ ವಾಕ್ಯ ಬೇರೆ.

"ಅತ್ತೆ, ನಿಮ್ಮ ಕೈಯಲ್ಲಿ ಬಿಗಿ ಇದೆಯಾ?"

"ಕೊಬ್ಬಿದ ಹೋರಿ ಹಗ್ಗ ಹಿಡ್ದಿರೋ ಕೈ ಇದು. ಕೊಡಿ."

ಕೊಟ್ಟುಬಿಟ್ಟೆ!

ಒಂದೊಂದೇ ಬೆರಳು ಬಿಡಿಸಿದೆ. ನಾನು ಬಿಟ್ಟ ಜಾಗವನ್ನು ಅವರ ಬೆರಳು ಹಿಡಿದವು. ಕೊನೆಯ ಬೆರಳು ಬಿಟ್ಟಾಗ ಏನೂ ಆಗಲಿಲ್ಲ. ಅವರು ಅಂಚಿನ ಮೇಲಿಂದ ಬಾಗಿ ಹಿಡಿದುಕೊಂಡಿರುವಾಗಲೇ ನಾನು ಆಚೆ ತೆವಳಿ, ಸೀಟು ಖಾಲಿ ಮಾಡಿಕೊಟ್ಟೆ. ಅತ್ತೆ ಹಿಡಿ ಬಿಡದೆ ಒಂದು ಕಾಲು, ಇನ್ನೊಂದು ಕಾಲು ಒಳಗಿಟ್ಟು ಆರಾಮಾಗಿ ಕುಳಿತರು. ಹತ್ತುವಾಗ ಅಷ್ಟು ಹೆದರಿಸಿದ್ದ ಎಂಟು ಮೆಟ್ಟಿಲುಗಳನ್ನು ಇಳಿಯುವಾಗ ನಾನು ಎರಡರಲ್ಲಿ ಮುಗಿಸಿದೆ.

ಇಳಿದು ಎಲ್ಲಿ ನಿಂತೆ? ಅದನ್ನೂ ಹೇಳಿಬಿಡುತ್ತೇನೆ. ನೂರು ಹೆಜ್ಜೆ ಆಚೆ, ಒಂದು ಬೇವಿನ ಮರದ ಹಿಂದೆ. ಕಿವಿಗಳಿಗೆ ಬೆರಳಿಟ್ಟುಕೊಂಡು. ಅಲ್ಲಿಂದ ಇಣುಕಿ ನೋಡಿದರೆ ರತ್ನ ಮೆಟ್ಟಿಲು ಹತ್ತಿ ತಾಯಿಯ ಭುಜ ಹಿಡಿದು ನಿಂತಿದ್ದಳು. ಇಂಚರ ಮೆಟ್ಟಿಲ ಬುಡದಲ್ಲಿ, ಅಲುಗಾಡದೆ ನಿಂತಿದ್ದಳು. ಅವಳು ಯಾರನ್ನೋ ಹುಡುಕುವವಳಂತೆ ಒಮ್ಮೆ ಸುತ್ತಲೂ ನೋಡಿದಳು. ನಾನು ಮರದ ಹಿಂದಕ್ಕೆ ಸರಿದೆ.

ಆಗ ಉಸ್ತುವಾರಿಯವರು ಬಂದರು. ನರೆತ ತಲೆಯ ಮನುಷ್ಯ, ಖಾಕಿ ಅಂಗಿ, ಕೈ ಇನ್ನೂ ಒದ್ದೆ. ಊಟದಿಂದ ಎದ್ದು ಓಡಿಬಂದಿದ್ದರು ಪಾಪ. ಮೆಟ್ಟಿಲು ಹತ್ತಿ ಒಳಗೆ ನೋಡಿದರು. ಕಿವಿಯಿಂದ ಒಂದು ಬೆರಳು ತೆಗೆದೆ.

"ಅಜ್ಜೀ, ಬಿಡಿ ಅದನ್ನ."

"ಬುಟ್ರೆ ಹಾರಲ್ವೇನಪ್ಪಾ?"

"ಹಾರೋದಾಗಿದ್ರೆ ಅದನ್ನ ಇಲ್ಲಿ ಯಾಕಜ್ಜಿ ಇಡ್ತಿದ್ರು? ಇದರಲ್ಲಿ ರಾಕೆಟ್ಟೂ ಇಲ್ಲ, ಇಂಜಿನ್ನೂ ಇಲ್ಲ. ಬರೀ ಡಬ್ಬ. ಈ ಹಿಡೀನೂ ಇದರದಲ್ಲ, ಚೆನ್ನಾಗ್ ಕಾಣ್ಲಿ ಅಂತ ನಾವೇ ಮಾಡ್ಸಿ ಹಾಕಿರೋದು. ದಿನಾ ಮಕ್ಳು ಎಳೆದೂ ಎಳೆದೂ ಸಡಿಲ ಆಗಿದೆ."

ಹೇಳುತ್ತಲೇ ಅವರು ಅದನ್ನು ಮೇಲೆ ಕೆಳಗೆ ನಾಲ್ಕು ಸಲ ಆಡಿಸಿ ತೋರಿಸಿದರು. ಟಕ್, ಟಕ್, ಟಕ್, ಟಕ್. ಆ ನಾಲ್ಕು ಟಕ್ಕುಗಳು ಬಯಲಿನ ಆಚೆ ತುದಿಯವರೆಗೂ ಕೇಳಿಸಿದವು. ಓಡಿಹೋಗಿದ್ದ ಜನ ಒಬ್ಬೊಬ್ಬರಾಗಿ ಹತ್ತಿರ ಬಂದರು.

"ಅಳಿಯನ್ನ ಇಳ್ಸಿ ಅಜ್ಜಿ ಕೂತ್ಕೊಂಡ್ರಂತೆ ಗುರೂ!" ಎಂದ ಆಗ ರೇಗಿದ್ದ ಅದೇ ಯುವಕ.

"ಅಳಿಯ ಎಲ್ಲಿ?"

ಎಲ್ಲರೂ ಹುಡುಕಿದರು. ನಾನು ಮರದ ಹಿಂದಿನಿಂದ ಹೊರಬಂದು, ಪರಿಸ್ಥಿತಿಯ ಗಾಂಭೀರ್ಯಕ್ಕೆ ತಕ್ಕ ಹಾಗೆ ಎದೆಯುಬ್ಬಿಸಿ, "ಗಾಬರಿಯಾಗಬೇಡಿ, ಎಲ್ಲವೂ ನಿಯಂತ್ರಣದಲ್ಲಿದೆ," ಎಂದು ಘೋಷಿಸಿದೆ. ಯಾರೂ ಗಾಬರಿಯಾಗಿರಲಿಲ್ಲ. ನಕ್ಕರು.

ಆಮೇಲೆ ಅತ್ತೆಯ ಜೊತೆ ಫೋಟೋ ತೆಗೆಸಿಕೊಳ್ಳಲು ಸಾಲು ಬೆಳೆಯಿತು. ಮಕ್ಕಳು ಮೆಟ್ಟಿಲ ಮೇಲೆ ನಿಂತು, ಅತ್ತೆ ಒಳಗೆ ಕುಳಿತು, ಒಂದರ ಮೇಲೊಂದು ಫೋಟೋ. ಉಸ್ತುವಾರಿಯವರು ತಮ್ಮ ಟೋಪಿಯನ್ನೇ ಅವರ ತಲೆಗೆ ಇಟ್ಟರು. ಅತ್ತೆಗೆ ಇಳಿಯಲು ಮನಸ್ಸೇ ಇರಲಿಲ್ಲ. "ತಂಪಾಗೈತೆ ಕಣಮ್ಮೀ ಇಲ್ಲಿ," ಎಂದರು ಮಗಳಿಗೆ. ಕೊನೆಗೆ ಇಂಚರ ಅವರ ತೊಡೆಯ ಮೇಲೆ ಕುಳಿತು ತನ್ನ ಫೋಟೋ ತೆಗೆಸಿಕೊಂಡಳು. ನನ್ನನ್ನು ಯಾರೂ ಕರೆಯಲಿಲ್ಲ. ನಾನು ಆ ಫೋಟೋಗಳಲ್ಲಿ ಒಂದರಲ್ಲಿ ಮಾತ್ರ ಇದ್ದೇನೆ: ಹಿಂದೆ, ದೂರದಲ್ಲಿ, ನೀರಿನ ಬಾಟಲಿ ಹಿಡಿದುಕೊಂಡು.

ಹೊರಗೆ ಮರದ ನೆರಳಿನಲ್ಲಿ ಊಟಕ್ಕೆ ಕುಳಿತೆವು. ರತ್ನ ತನ್ನ ತಾಯಿಗೆ ಎರಡು ವಡೆ ಹಾಕಿದಳು, ಮಗಳಿಗೆ ಎರಡು ಹಾಕಿದಳು, ಡಬ್ಬಿಯ ಮುಚ್ಚಳ ಮುಚ್ಚಿದಳು. ನಾನು ಚಿತ್ರಾನ್ನ ಹಾಕಿಕೊಂಡೆ. ಊಟದ ನಡುವೆಯೇ ಅವಳು ಹೈದರಾಬಾದಿಗೆ ಫೋನ್ ಮಾಡಿ ಅಣ್ಣನ ಹತ್ತಿರ ನಗುನಗುತ್ತ ಮಾತಾಡಿದಳು. ಫೋನಿಟ್ಟು, ನನ್ನ ಕಡೆ ನೋಡದೆ, ಮೊಸರನ್ನಕ್ಕೆ ಹೇಳುವವಳ ಹಾಗೆ ಹೇಳಿದಳು:

"ಬೇಸಿಗೆ ರಜಕ್ಕೆ ನಾನು, ಅವ್ವ, ಇಂಚರ ಮೂವರೂ ಅಣ್ಣನ ಮನೆಗೆ ಹೋಗ್ತಿದ್ದೀವಿ. ವಿಮಾನದಲ್ಲಿ."

"ನಾನು?" ಎಂದೆ.

"ನಿಮಗೆ ಸೊಂಟ ನೋವಲ್ವಾ?"

ಅತ್ತೆ ತಲೆ ತಗ್ಗಿಸಿಕೊಂಡು ಚಿತ್ರಾನ್ನದಲ್ಲಿ ಕಡಲೆಬೀಜ ಹುಡುಕಿದರು. ಅವರು ನಗುತ್ತಿದ್ದರೋ ಇಲ್ಲವೋ ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಮ್ಮ ಎಲೆಯಿಂದ ಒಂದು ವಡೆ ತೆಗೆದು ನನ್ನ ಎಲೆಗೆ ಹಾಕಿದರು. ಅದನ್ನು ತಿನ್ನುವುದು ಬಹಳ ಕಷ್ಟವಾಯಿತು. ಆದರೂ ತಿಂದೆ.

ವಾಪಸ್ಸು ಬರುವಾಗ ರತ್ನಳೇ ಕಾರು ಓಡಿಸಿದಳು. ಕೀಲಿ ಕೇಳಿದಳು, ಕೊಟ್ಟೆ. ಮುಂದೆ ಅತ್ತೆ ಕುಳಿತು ಬಾಗಿಲಿಗೆ ತಲೆಯಾನಿಸಿ ನಿದ್ದೆ ಹೋದರು. ಹಿಂದೆ ನಾನೂ ಇಂಚರಳೂ. ಬೂದಿಗೆರೆಯವರೆಗೆ ಅವಳು ಒಂದು ಮಾತೂ ಆಡಲಿಲ್ಲ. ನನಗೆ ಬಂದೂಕಿನ ಸೈನಿಕನ ಮುಂದೆಯೂ ಆಗದಷ್ಟು ಭಯ ಆ ಮೌನದಿಂದ ಆಗುತ್ತಿತ್ತು.

ಕೊನೆಗೆ ಮೆಲ್ಲಗೆ, ಮುಂದಿನವರಿಗೆ ಕೇಳಿಸದ ಹಾಗೆ, ಕೇಳಿದಳು:

"ಅಪ್ಪಾ, ಅದು ಹಾರಲ್ಲ ಅಂತ ನಿನಗೆ ಮೊದ್ಲೇ ಗೊತ್ತಿತ್ತು ಅಲ್ವಾ? ಅದಕ್ಕೇ ಅಜ್ಜಿಗೆ ಕೊಟ್ಟೆ ಅಲ್ವಾ?"

ಎಷ್ಟು ದೊಡ್ಡ ಬಾಗಿಲು ತೆರೆದುಕೊಟ್ಟಿದ್ದಳು ನನ್ನ ಮಗಳು! ನಾನು ಹೂಂ ಎಂದರೆ ಸಾಕಿತ್ತು, ಮೀಸೆ ಸಮೇತ ಪಾರಾಗಿಬಿಡುತ್ತಿದ್ದೆ. ಬಾಯಿ ತೆರೆದೆ. ಕನ್ನಡಿಯಲ್ಲಿ ರತ್ನಳ ಕಣ್ಣು ಕಾಣಿಸಿತು. ಅದಕ್ಕೋ, ಅಥವಾ ಆ ದಿನ ಸುಳ್ಳು ಹೇಳುವ ಶಕ್ತಿಯೇ ಮುಗಿದುಹೋಗಿತ್ತೋ ಏನೋ.

"ಇಲ್ಲ ಕಣಮ್ಮ," ಎಂದೆ. "ಗೊತ್ತಿರ್ಲಿಲ್ಲ. ತುಂಬಾ ಹೆದರ್ಕೊಂಡಿದ್ದೆ."

ಅವಳು ನನ್ನ ಕಡೆ ತಿರುಗಿದಳು. ನನ್ನ ಕೈಯನ್ನು ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ದೊಡ್ಡವರ ಹಾಗೆ ಅದನ್ನು ತಟ್ಟಿದಳು.

"ಪರ್ವಾಗಿಲ್ಲ ಅಪ್ಪ. ನಾನೂ ಹೆದರ್ಕೊಂಡಿದ್ದೆ," ಎಂದಳು. "ಆದ್ರೆ ನಾನಾಗಿದ್ರೆ ಅಜ್ಜಿಗೆ ಕೊಡ್ತಿರ್ಲಿಲ್ಲ."